ನತ್ತಿನ ಮಟ್ಟ

ತೋಟಪ್ಪ ಸಾಹೇಬರು ಕೆಂಪು ಪೆನ್ನಿನ ಮುಚ್ಚಳ ತೆಗೆದರೆ ರೋಣದ ಆ ಆಫೀಸಿನಲ್ಲಿ ಫ್ಯಾನು ಕೂಡ ಸದ್ದು ಮಾಡದೆ ತಿರುಗುತ್ತದೆ ಎಂದು ಗುಮಾಸ್ತರು ನಗೆಯಾಡುತ್ತಿದ್ದರು. ಯಾವ ಇಲಾಖೆ ಎಂದು ಕೇಳಬೇಡಿ. ಹೊಳೆ, ಕಾಲುವೆ, ಒಡ್ಡುಗಳ ಉಸ್ತುವಾರಿ ನೋಡುವ ಒಂದು ಇಲಾಖೆ ಅಂದರೆ ಸಾಕು. ಆಗಸ್ಟ್ ಮೊದಲ ವಾರದ ಆ ದಿನ ಪೆನ್ನಿನ ಕೆಳಗೆ ಸಿಕ್ಕಿದ್ದು ಸಹಾಯಕ ಎಂಜಿನಿಯರ್ ಸಾನಿಯಾ ಪರದೇಶದ ಓದಿನ ಅರ್ಜಿಗೆಂದು ಬರೆದ ಮೂರು ಪುಟ. ಎರಡನೆಯ ಪುಟದ ನಡುವೆ ಎರಡು ಸಾಲಿನ ಮೇಲೆ ಸಾಹೇಬರು ಅಡ್ಡಗೆರೆ ಎಳೆದರು. ಒಮ್ಮೆ ಎಳೆದದ್ದು ಸಾಲದೆಂದು ಇನ್ನೊಮ್ಮೆ ಎಳೆದರು.

"ಇಷ್ಟು ತೆಗಿ. ಸಂಜಿಗೆ ಪತ್ರ ಸಹಿ ಮಾಡಿ ಕೊಡ್ತೀನಿ," ಅಂದರು.

ಆ ಪತ್ರದ ಮೇಲೆ ಸಾನಿಯಾಳ ಇಡೀ ಬದುಕು ನಿಂತಿತ್ತು ಅಂದರೆ ಅತಿಯಾಯಿತು, ಆದರೆ ಮುಂದಿನ ಎರಡು ವರ್ಷವಂತೂ ನಿಂತಿತ್ತು. ಜರ್ಮನಿಯ ಒಂದು ವಿಶ್ವವಿದ್ಯಾಲಯದಲ್ಲಿ ಪ್ರವಾಹದ ವಿಷಯ ಓದುವ ಸ್ನಾತಕೋತ್ತರ ಪದವಿ. ನಮ್ಮಂಥ ದೇಶಗಳಲ್ಲಿ ನೌಕರಿ ಮಾಡುತ್ತಿರುವವರಿಗೆಂದೇ ಇಟ್ಟ ವಿದ್ಯಾರ್ಥಿವೇತನ. ಹೋಗುವ ಟಿಕೀಟಿನಿಂದ ಹಿಡಿದು ಉಳಿಯುವ ಕೋಣೆಯವರೆಗೆ ಎಲ್ಲಾ ಅವರದೇ. ಷರತ್ತು ಮೂರು. ಎರಡು ವರ್ಷವಾದರೂ ಕೆಲಸ ಮಾಡಿರಬೇಕು. ಹಿಂದಿನ ಪದವಿ ಮುಗಿದು ಆರು ವರ್ಷ ದಾಟಿರಬಾರದು. ಓದಿ ಬಂದ ಮೇಲೆ ಈಕೆಯನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳುತ್ತೇವೆಂದು ಕೆಲಸ ಕೊಟ್ಟವರು ಬರೆದುಕೊಡಬೇಕು; ಸಾಹೇಬರು ಸಹಿ ಮಾಡಬೇಕಾದ ಪತ್ರ ಅದೇ. ಸಾನಿಯಾಳಿಗೆ ಇದು ಆರನೆಯ ವರ್ಷ. ಆಗಸ್ಟ್ ಮೂವತ್ತೊಂದು ದಾಟಿದರೆ ಆ ಬಾಗಿಲು ಆಕೆಯ ಪಾಲಿಗೆ ಮುಚ್ಚಿದಂತೆಯೇ.

"ಸರ್, ಆ ಎರಡು ಸಾಲೇ ಖರೇ ಅದಾವರಿ. ಉಳಿದದ್ದೆಲ್ಲಾ ಅದಕ್ಕ ಹಾಕಿದ ಒಗ್ಗರಣಿ."

"ಖರೇ ಅದಾವ ಅಂತನ ತೆಗಿ ಅನ್ನಾಕತ್ತೀನಿ," ಅಂದರು ಸಾಹೇಬರು. ಅವರು ಕೆಟ್ಟ ಮನುಷ್ಯರೇನಲ್ಲ. ಮಗಳ ವಯಸ್ಸಿನವಳೆಂದು ಸಾನಿಯಾಳಿಗೆ ಚಹಾ ತರಿಸಿ ಕೊಡುವವರೇ. ಆದರೆ ಅವರ ಕುರ್ಚಿಯ ಹಿಂದೆ ಗೋಡೆಯ ಮೇಲೆ ಗಾಜಿನ ಕಟ್ಟಿನೊಳಗೆ ಒಂದು ಪ್ರಶಸ್ತಿಪತ್ರ ತೂಗುತ್ತಿತ್ತು. ಎರಡು ವರ್ಷದ ಹಿಂದೆ ಮಲಪ್ರಭೆ ಏರಿದಾಗ ಹೊಳೆಮಣ್ಣೂರಿನ ಒಂದು ಕರು ಕೂಡ ಸಾಯದಂತೆ ಸಕಾಲಕ್ಕೆ ಮುನ್ನೆಚ್ಚರಿಕೆ ಕೊಟ್ಟದ್ದಕ್ಕಾಗಿ ಶ್ರೀ ತೋಟಪ್ಪನವರಿಗೆ, ಎಂದು ಅದರಲ್ಲಿ ಬಂಗಾರದ ಅಕ್ಷರದಲ್ಲಿ ಬರೆದಿತ್ತು. ಸಾನಿಯಾಳ ಎರಡು ಸಾಲು ಹೇಳುತ್ತಿದ್ದದ್ದು ಬೇರೆ. "ಆ ದಿನ ನಮ್ಮ ಕಚೇರಿಯ ಎಚ್ಚರಿಕೆ ತಲುಪುವ ಮೂರು ತಾಸು ಮುಂಚೆಯೇ ಊರು ಖಾಲಿಯಾಗಿತ್ತು; ಖಾಲಿ ಮಾಡಿಸಿದವರು ರೇಣವ್ವ ಎಂಬ ಹೆಂಗಸು. ನಮ್ಮ ಅಳತೆಯ ಕಂಬದ ಅಂಕಿಗಳು ಅಷ್ಟರಲ್ಲಿ ಯಾರಿಗೂ ಓದಲು ಬಾರದಂತಾಗಿದ್ದವು."

ಈ ಕಂಬದ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ.

ಹೊಳೆಮಣ್ಣೂರಿನ ದಂಡೆಯ ಮೇಲೆ ಇಲಾಖೆಯ ಒಂದು ಸಾಗವಾನಿ ಕಂಬವಿದೆ, ಆಳೆತ್ತರದ್ದು. ಹೊಳೆಯ ತಳದಿಂದ ಎಣಿಸಿ ಅದರ ಬುಡಕ್ಕೆ ಐದು ಮೀಟರ್. ಅಲ್ಲಿಂದ ಮೇಲೆ ಅಂಕಿ ಬರೆದಿತ್ತು. ನೀರು ಎಲ್ಲಿಗೆ ಬಂತೆಂದು ನೋಡಿ ಆಫೀಸಿಗೆ ಫೋನು ಮಾಡುವುದು ಇಲಾಖೆಯ ಕಾವಲುಗಾರ ಯಮನೂರನ ಕೆಲಸ. ಒಂದು ವರ್ಷ ನೀರು ಕಂಬದ ಬುಡ ಮುಟ್ಟಿ ಊರೊಳಗೆ ಬಾರದೆ ತಿರುಗಿ ಹೋಯಿತು. ಊರ ಹೆಂಗಸರು ಸುಮ್ಮನಿರುತ್ತಾರೆಯೇ? ಹೊಳೆವ್ವ ಇಲ್ಲಿಗೇ ನಿಂತಳೆಂದು ಆ ಕಂಬಕ್ಕೇ ಉಡಿ ತುಂಬಿದರು. ಅರಿಷಿಣ ಬಳಿದರು, ಕುಂಕುಮ ಹಚ್ಚಿದರು, ಎಣ್ಣೆ ಸುರಿದರು. ಮುಂದಿನ ವರ್ಷ ಅಲ್ಲಲ್ಲಿ ಮೊಳೆ ಹೊಡೆದು ಬುಡದಲ್ಲಿ ಕಾಲ್ಗಡಗ ಸಿಕ್ಕಿಸಿದರು, ನಡುವಿಗೆ ಡಾಬು ಕಟ್ಟಿದರು, ಮೇಲೆ ಹಿತ್ತಾಳೆಯ ಒಂದು ನತ್ತು ತೂಗಿಬಿಟ್ಟರು. ಸರ್ಕಾರಿ ಕಂಬ ಮುತ್ತೈದೆಯಾಗಿ ನಿಂತಿತು. ಅಂಕಿಗಳು ಅರಿಷಿಣದ ಕೆಳಗೆ ಹೋದವು.

ಯಮನೂರ ಅದನ್ನು ಒರೆಸಬೇಕಿತ್ತು. ಒರೆಸಲಿಲ್ಲ. ಹೊಳೆವ್ವನ ಮೈ ಮುಟ್ಟಿ ಕುಂಕುಮ ಅಳಿಸುವ ಗಂಡಸು ಆ ಊರಲ್ಲಿ ಇನ್ನೂ ಹುಟ್ಟಿಲ್ಲ. ಆಫೀಸಿಗೆ ಹೇಳಲು ನಾಚಿಕೆ, ಹೇಳದಿದ್ದರೆ ಕೆಲಸದ ಹೆದರಿಕೆ. ಅತ್ತ ದರಿ ಇತ್ತ ಪುಲಿ. ಕಡೆಗೆ ಅವನು ಸುಲಭದ ದಾರಿ ಹಿಡಿದ. ದಂಡೆಯ ಮೇಲಿನ ಮೊದಲ ಮನೆಯ ರೇಣವ್ವನನ್ನು ಕೇಳುವುದು. ರೇಣವ್ವ ಬಾಗಿಲಲ್ಲಿ ನಿಂತು, "ಕಾಲ್ಗಡಗ ತೊಯ್ಸ್ಯಾಳ," ಅನ್ನುವಳು; ಯಮನೂರ ಆಫೀಸಿಗೆ ಐದೂಕಾಲು ಅನ್ನುವನು. "ಡಾಬಿಗೆ ಬಂದಾಳ," ಅಂದರೆ ಆರು. ಅಂದಿನಿಂದ ಸರ್ಕಾರದ ದಾಖಲೆಗೆ ಹೋದ ಅಂಕಿಗಳೆಲ್ಲ ಆ ಬಾಗಿಲಿನಿಂದ ಹೊರಟವು.

ಸಾನಿಯಾ ನೌಕರಿಗೆ ಸೇರಿದ ಹೊಸತರಲ್ಲಿ ಇದನ್ನು ಪತ್ತೆ ಹಚ್ಚಿ ಸಿಟ್ಟಿನಿಂದ ಕುದಿಯುತ್ತಾ ಊರಿಗೆ ಹೋಗಿದ್ದಳು. ಟೇಪು ಹಿಡಿದು ಅಳೆದಳು. ರೇಣವ್ವ ಚಪ್ಪಲಿ ಬಿಡಿಸಿದ ಮೇಲೆಯೇ ಅಳೆಯಗೊಟ್ಟಳು. ಹಳೆಯ ದಾಖಲೆಗೂ ಅಣೆಕಟ್ಟಿನಿಂದ ಬಿಟ್ಟ ನೀರಿಗೂ ತಾಳೆ ನೋಡಿದಳು. ರೇಣವ್ವನ ಅಂಕಿ ನಾಲ್ಕು ಬೆರಳಿಗಿಂತ ಹೆಚ್ಚು ಎಲ್ಲೂ ತಪ್ಪಿರಲಿಲ್ಲ. ಅಂಕಿ ಚೆನ್ನಾಗಿ ಕಾಣುತ್ತಿದ್ದ ಕಾಲದ ದಾಖಲೆಯಲ್ಲೇ ಅದಕ್ಕಿಂತ ಹೆಚ್ಚು ತಪ್ಪುಗಳಿದ್ದವು. ಅಂದಿನಿಂದ ಸಿಟ್ಟು ಹೋಯಿತು, ಸಾನಿಯಾ ಆ ಬಾಗಿಲಿಗೆ ಕಲಿಯಲು ಹೋಗತೊಡಗಿದಳು. ನೀರು ಕೆಂಪಾಗಿ ಬಂದರೆ ಏನು, ಮೇಲೆ ಜೋಳದ ದಂಟು ತೇಲಿ ಬಂದರೆ ಎಷ್ಟು ಹೊತ್ತು ಉಳಿಯಿತು, ಇವನ್ನೆಲ್ಲ ಯಾವ ಎಂಜಿನಿಯರಿಂಗ್ ಕಾಲೇಜಿನಲ್ಲೂ ಆಕೆ ಕೇಳಿರಲಿಲ್ಲ. ದೊಡ್ಡ ಹೊಳೆ ಬಂದ ದಿನ ಡಾಬಿನ ಮೇಲೆ ನೀರು ಏರುವ ರಭಸ ನೋಡಿದ ರೇಣವ್ವ, "ಇವತ್ತ ಆಕಿ ನತ್ತು ತೊಯ್ಸೂದು ಖರೇ, ಏಳ್ರಿ," ಎಂದು ಮನೆಮನೆಗೆ ಹೋಗಿ ಎಬ್ಬಿಸಿದ್ದಳು. ದಿಬ್ಬದ ಮೇಲಿನ ಹೊಸ ಊರಿಗೆ ಎತ್ತು, ಎಮ್ಮೆ, ಬಾಣಂತಿ ಎಲ್ಲರೂ ಹೋಗಿ ಮುಟ್ಟಿದ ಮೇಲೆ ಆಫೀಸಿನ ಎಚ್ಚರಿಕೆ ಬಂತು. ಗಾಜಿನ ಕಟ್ಟಿನ ಪ್ರಶಸ್ತಿ ಮಾತ್ರ ರೋಣಕ್ಕೆ ಹೋಯಿತು.

"ಪರದೇಶದವರು ನಮ್ಮನ್ನ ನೋಡಿ ನಗತಾರವ್ವಾ," ಅಂದರು ತೋಟಪ್ಪ ಸಾಹೇಬರು. "ಕಂಬಕ್ಕ ಕುಂಕುಮ ಅಂತ, ನತ್ತು ಅಂತ. ಸೆನ್ಸರ್ ಅಂತ ಬರಿ, ಮುನ್ಸೂಚನಾ ವ್ಯವಸ್ಥೆ ಅಂತ ಬರಿ. ಎರಡು ಸಾಲಿನ ಸಲುವಾಗಿ ಕೈಗೆ ಬಂದ ತುತ್ತು ಕಳಕೋಬ್ಯಾಡ."

ಸಾನಿಯಾ ಪುಟಗಳನ್ನು ಮಡಚಿಕೊಂಡು ಎದ್ದಳು. ಧೈರ್ಯದಿಂದ ಏನೋ ಅಂದುಬಿಟ್ಟಳು ಎಂದು ಬರೆದರೆ ಓದಲು ಚೆಂದ, ಆದರೆ ಆಕೆ ಅನ್ನಲಿಲ್ಲ. ನರಗುಂದದ ಬಸ್ಸು ಹತ್ತಿ, ಕಿಟಕಿಯ ಪಕ್ಕ ಕೂತು, ಫೋನಿನಲ್ಲಿಯೇ ಆ ಎರಡು ಸಾಲು ಅಳಿಸಿದಳು. ಆ ಜಾಗದಲ್ಲಿ ಸೆನ್ಸರ್ ಬರೆದಳು. ಆರನೆಯ ವರ್ಷ ಅಲ್ಲವೇ.

ನರಗುಂದದಲ್ಲಿ ಆಕೆಯ ತಂದೆ ನಜೀರಸಾಬ ಅಂಗಡಿಗಳ ಬೋರ್ಡು ಬರೆಯುವವನು. ಫ್ಲೆಕ್ಸ್ ಬಂದು ಅವನ ಕುಂಚದ ಹೊಟ್ಟೆಗೆ ಹೊಡೆದು ವರ್ಷಗಳಾಗಿದ್ದರೂ ದರ್ಗಾದ ಕಮಾನು, ಮಠದ ಹೆಬ್ಬಾಗಿಲು, ಹಳೆಯ ಕಿರಾಣಿ ಅಂಗಡಿಗಳು ಇನ್ನೂ ಅವನನ್ನೇ ಕರೆಯುತ್ತಿದ್ದವು. ಸಾನಿಯಾ ಅಳಿಸಿದ್ದನ್ನೂ ತಿದ್ದಿದ್ದನ್ನೂ ಇಂಗ್ಲಿಷಿನಿಂದ ಉರ್ದು ಮಾಡಿ ಓದಿ ಹೇಳಿದಳು. ನಜೀರಸಾಬ ಸೀಮೆಎಣ್ಣೆಯಲ್ಲಿ ಕುಂಚ ತೊಳೆಯುತ್ತಾ ಕೇಳಿದ. ಮನೆಯಲ್ಲಿ ಅವರದು ಉರ್ದು; ಸಿಟ್ಟು ಬಂದರೆ ಮಾತ್ರ ಅವನ ಬಾಯಿಗೆ ಕನ್ನಡ ಬರುತ್ತಿತ್ತು.

"ಐವತ್ತು ವರ್ಷ ಬೋರ್ಡ್ ಬರದೇನಿ," ಅಂದ. "ಅಕ್ಷರ ಸೊಟ್ಟ ಆಗಿರಬಹುದು, ಬಣ್ಣ ಹಾರಿರಬಹುದು. ಒಬ್ಬಾಕಿ ಅಂಗಡಿ ಮ್ಯಾಲ ಇನ್ನೊಬ್ಬನ ಹೆಸರು ಎಂದೂ ಬರದಿಲ್ಲ. ನೀ ಎಲ್ಲಿ ಕಲ್ತಿ ಇದನ್ನ?"

ಸಾನಿಯಾಳ ಕಿವಿ ಬಿಸಿಯಾದವು. ಊಟಕ್ಕೆ ಕೂರುವ ಮುಂಚೆ ಆ ಎರಡು ಸಾಲು ಮತ್ತೆ ಮೂರು ಪುಟದೊಳಗೆ ಬಂದು ಕೂತವು. ಈ ಸಲ ರೇಣವ್ವ ಎಂಬ ಹೆಂಗಸು ಎಂದಿರಲಿಲ್ಲ, ನನಗೆ ಹೊಳೆ ಓದಲು ಕಲಿಸಿದ ರೇಣವ್ವ ಎಂದಿತ್ತು.

ಮರುದಿನ ಆ ಪುಟಗಳನ್ನು ಸಾಹೇಬರ ಮೇಜಿನ ಮೇಲಿಟ್ಟು, "ತೆಗೆಯಂಗಿಲ್ಲರಿ," ಅಂದಳು. ಸಾಹೇಬರು ಓದಲಿಲ್ಲ. ಪತ್ರದ ಮಾತು ಅಲ್ಲಿಗೆ ಮುಗಿಯಿತು. ಗಾಯದ ಮೇಲೆ ಬರೆ ಎಂಬಂತೆ ವಾರದೊಳಗೆ ಇನ್ನೊಂದು ಆದೇಶ ಹೊರಟಿತು: ಹೊಳೆಮಣ್ಣೂರಿನ ಅಳತೆಯ ಕಂಬವನ್ನು ತೊಳೆದು, ಹೆರೆದು, ಹೊಸದಾಗಿ ಬಣ್ಣ ಬಳಿಯತಕ್ಕದ್ದು. ನಾಳೆ ಯಾರಾದರೂ ಪರದೇಶದಿಂದ ಫೋನು ಮಾಡಿ ಕೇಳಿದರೆ ಕಂಬ ಸ್ವಚ್ಛವಿರಬೇಕಲ್ಲ.

ಗಜೇಂದ್ರಗಡದಿಂದ ಬಂದ ಇಬ್ಬರು ಕೂಲಿಗಳು ಕಾಲ್ಗಡಗ, ಡಾಬು, ನತ್ತು ಕಿತ್ತು ರೇಣವ್ವನ ಕಟ್ಟೆಯ ಮೇಲಿಟ್ಟರು. ಅರಿಷಿಣ ಹೆರೆದರು. ಅದರ ಜೊತೆಗೆ ಅದರಡಿಯ ಹಳೆಯ ಅಂಕಿಗಳೂ ಹೋದವು. ಮೇಲೆ ಬಿಳಿ ಬಣ್ಣ ಬಳಿದು ಹೊರಟುನಿಂತರು. ಅಂಕಿ ಬರೆಯುವುದು ಯಾರೆಂದು ಯಮನೂರ ಕೇಳಿದ್ದಕ್ಕೆ ಅದರ ಟೆಂಡರು ಬೇರೆ, ನಮ್ಮದು ಬಿಳಿಯಷ್ಟೇ ಅಂದರು.

ಸಾನಿಯಾ ಸುದ್ದಿ ಕೇಳಿ ಓಡಿ ಬಂದಾಗ ಕಂಬ ಹಲ್ಲುಜ್ಜಿಕೊಂಡು ನಿಂತಂತೆ ಬೆಳ್ಳಗೆ ಹೊಳೆಯುತ್ತಿತ್ತು. ಎಲ್ಲಾ ತನ್ನಿಂದಲೇ ಆಯಿತೆಂದು ಆಕೆಗೆ ಅಳು ಬಂತು. ನಾಲ್ಕಾರು ಹೆಂಗಸರು ತಲೆಯ ಮೇಲೆ ಕೈ ಹೊತ್ತು ಬೈಯುತ್ತಿದ್ದರು. ರೇಣವ್ವ ಬೈಯಲಿಲ್ಲ. ಕಂಬದ ಹತ್ತಿರ ಹೋಗಿ ಹೆಬ್ಬೆರಳಿನಿಂದ ಮೇಲಿನಿಂದ ಕೆಳಗೆ ಸವರಿದಳು.

"ಮೊಳಿ ಹೊಡದ ತೂತು ಅದಾವಲ್ಲ," ಅಂದಳು. "ಬಣ್ಣ ತುಂಬೇತಿ, ತೂತು ಮುಚ್ಚಿಲ್ಲ. ಆಕಿ ಮೂಗು ಎಲ್ಲೈತಿ ಅಂತ ನನಗ ಗೊತ್ತಿಲ್ಲೇನ? ನಾ ಚುಚ್ಚಿದ ಮೂಗು ಅದು. ನೀ ಯಾಕ ಅಳತಿ, ಸುಮ್ನಿರು. ನಿನ್ನ ಕಾಗದ ಎಲ್ಲಿಗೆ ಬಂತು?"

"ಸಾಹೇಬರು ಕೊಡಂಗಿಲ್ಲ ಅಂದಾರ."

"ಕೊಡದಿದ್ರ ಬಿಡ್ಲಿ. ಹರಿಯೂ ಹೊಳಿ ನೀರಿಗೆ ದೊಣೆನಾಯಕನ ಅಪ್ಪಣಿ ಯಾಕ?"

ಅಪ್ಪಣೆ ಬೇಕೇ ಬೇಕು ಎಂದು ಅರ್ಜಿಯಲ್ಲಿ ಬರೆದಿತ್ತು. ಕೊಡಲಾಗದವರು ಕಾರಣ ತಿಳಿಸಿ ಬೇರೆ ಆಧಾರ ಲಗತ್ತಿಸಬಹುದು ಎಂದೂ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು. ಸಾನಿಯಾಳ ಬಳಿ ಕಾರಣವೇನೋ ಇತ್ತು. ಆಧಾರ ಎಲ್ಲಿಂದ ತರುವುದು? ದಾಖಲೆಯಲ್ಲಿ ಎಲ್ಲಾ ಅಂಕಿಯೂ ಯಮನೂರನ ಹೆಸರಲ್ಲಿ, ಎಲ್ಲಾ ಎಚ್ಚರಿಕೆಯೂ ಸಾಹೇಬರ ಹೆಸರಲ್ಲಿ. ರೇಣವ್ವ ಎಂಬ ಮನುಷ್ಯಳು ಸರ್ಕಾರದ ಯಾವ ಕಾಗದದಲ್ಲೂ ಇರಲಿಲ್ಲ.

ಆಧಾರ ಹೊಳೆಯೇ ತಂದುಕೊಟ್ಟಿತು.

ಆಗಸ್ಟ್ ಇಪ್ಪತ್ತೆರಡರಂದು ಮೇಲಿನ ಸೀಮೆಯಲ್ಲಿ ಮಳೆ ಹೆಚ್ಚಾಗಿ ಅಣೆಕಟ್ಟಿನಿಂದ ನೀರು ಬಿಟ್ಟರು. ಮುಂಜಾನೆ ಏಳಕ್ಕೆಲ್ಲ ರೇಣವ್ವ ನೀರಿನ ಬಣ್ಣ ನೋಡಿ, ಇದು ಡಾಬು ದಾಟುತ್ತದೆ ಎಂದು ಊರನ್ನು ದಿಬ್ಬಕ್ಕೆ ಹತ್ತಿಸಿದ್ದಳು. ಹೊಳೆಆಲೂರಿನ ಕಡೆಗೂ ಸುತ್ತಲಿನ ಊರುಗಳಿಗೂ ಯಮನೂರ ಫೋನು ಮಾಡಿ, "ಡಾಬು ದಾಟತಾಳಂತ, ರೇಣವ್ವ ಹೇಳ್ಯಾಳ," ಎಂದಿದ್ದ. ಅಷ್ಟು ಸಾಕು, ಆ ಸೀಮೆಯಲ್ಲಿ ಅದರ ಅರ್ಥ ಎಲ್ಲರಿಗೂ ಗೊತ್ತು. ಹತ್ತು ಗಂಟೆಗೆ ದಂಡೆಯ ಕಡೆ ಉಳಿದವರು ಮೂವರೇ: ಪ್ರವಾಹದ ಡ್ಯೂಟಿಗೆ ಬಂದ ಸಾನಿಯಾ, ಯಮನೂರ, ಮತ್ತು ತನ್ನ ಮನೆಯ ಮಾಳಿಗೆಯ ಮೇಲೆ ಎಲೆ ಅಡಿಕೆ ಹಾಕುತ್ತಾ ಕೂತ ರೇಣವ್ವ. ಎಲ್ಲರಿಗೂ ಸುದ್ದಿ ಮುಟ್ಟಿತ್ತು. ಮುಟ್ಟದೆ ಉಳಿದದ್ದು ಆಫೀಸಿಗೆ ಮಾತ್ರ.

ಸಾಹೇಬರ ಫೋನು ಬಂತು. "ಸಾನಿಯಾ, ಜಿಲ್ಲಾ ಕಂಟ್ರೋಲ್ ರೂಮಿನವರು ತಾಸಿಗೊಮ್ಮೆ ಅಂಕಿ ಕೇಳಾಕತ್ತಾರ. ನೀರು ಎಷ್ಟೈತಿ?"

"ಕಂಬ ಬೆಳ್ಳಗೈತ್ರಿ ಸರ್."

"ಅಂದಾಜು ಹೇಳು."

"ಅಂದಾಜು ಅಂಕಿ ಬ್ಯಾಡ ಅಂತ ನೀವ ಸುತ್ತೋಲೆ ಕಳ್ಸೀರಿ."

ಸಾಹೇಬರು ದನಿ ಇಳಿಸಿ, "ಆ ಮುದುಕಿನ್ನ ಕೇಳು," ಅಂದರು.

ಊರು ಖಾಲಿಯಿದೆ, ಸುತ್ತಲಿನವರಿಗೆ ಗೊತ್ತಿದೆ, ಒಂದು ಜೀವವೂ ಈ ಅಂಕಿಗಾಗಿ ಕಾಯುತ್ತಿಲ್ಲ ಎಂದು ಸಾನಿಯಾ ಮನಸ್ಸಿನಲ್ಲಿ ಇನ್ನೊಮ್ಮೆ ಎಣಿಸಿಕೊಂಡಳು. ಆಮೇಲೆ ಅಂದಳು:

"ಯಾವ ಮುದುಕಿರಿ ಸರ್? ನಿಮ್ಮ ದಾಖಲೆಯಾಗ ಹಂಗ ಯಾರೂ ಇಲ್ಲ. ನನ್ನ ಕಾಗದದಾಗ ಒಬ್ಬಾಕಿ ಇದ್ದಳು, ನೀವು ಕೆಂಪು ಗೆರಿ ಎಳದ್ರಿ. ಆಕಿನ್ನ ಕೇಳಬೇಕಂದ್ರ ಆಕಿ ಹೆಸರಿಗೆ ಬರದು ಕೇಳ್ರಿ. ಆಫೀಸಿನ ಕಾಗದದ ಮ್ಯಾಲ."

"ಇದು ಹಟ ಮಾಡೂ ಹೊತ್ತೇನ?"

"ಇಲ್ಲಿ ಮಂದಿ ಎಲ್ಲಾ ದಿಬ್ಬಾ ಹತ್ಯಾರ. ಇನ್ನೂ ನೀರಾಗ ನಿಂತದ್ದು ನಮ್ಮ ಆಫೀಸ್ ಒಂದರಿ. ಲಗೂ ಬರದು ಕಳಸ್ರಿ."

ಹನ್ನೆರಡು ನಿಮಿಷಕ್ಕೆ ವಾಟ್ಸಾಪಿನಲ್ಲಿ ಪತ್ರ ಬಂತು. ಶಿರೋನಾಮೆ, ಕ್ರಮಾಂಕ, ದಿನಾಂಕ, ಗುಂಡನೆಯ ಮುದ್ರೆ, ಕೆಳಗೆ ಸಹಿ. ಶ್ರೀಮತಿ ರೇಣವ್ವ, ಸಾಕಿನ್ ಹೊಳೆಮಣ್ಣೂರ, ಇವರಿಗೆ. ಮಲಪ್ರಭಾ ನದಿಯ ನೀರಿನ ಮಟ್ಟವನ್ನು ತಾವು ಎಂದಿನಂತೆ ಗಮನಿಸಿ ಈ ಕಚೇರಿಗೆ ಕೂಡಲೇ ತಿಳಿಸಲು ಕೋರಿದೆ. ಅವಸರದಲ್ಲಿ ಬರೆದ ಕಾಗದದಲ್ಲಿ ಮನುಷ್ಯ ಹೇಗೆ ನಿಜ ಹೇಳಿಬಿಡುತ್ತಾನೆ ನೋಡಿ. ಎಂದಿನಂತೆ, ಎಂದು ಬರೆದಿದ್ದರು ಸಾಹೇಬರು.

ಸಾನಿಯಾ ಓದಿ ಹೇಳಿದಳು. ರೇಣವ್ವ ಇನ್ನೊಮ್ಮೆ ಓದಿಸಿದಳು. "ಶ್ರೀಮತಿ ಅಂತ ಐತೇನ?" ಎಂದು ಕೇಳಿ ಮೂರನೆಯ ಸಲ ಓದಿಸಿದಳು. ಆಮೇಲೆ ಕಣ್ಣಿಗೆ ಕೈ ಅಡ್ಡ ಹಿಡಿದು ಕಂಬದ ಕಡೆ ನೋಡಿದಳು.

"ಡಾಬಿನ ಮ್ಯಾಲ ನಾಕು ಬೆರಳು. ಇನ್ನ ಏರಂಗಿಲ್ಲ. ಮಧ್ಯಾಹ್ನ ದಾಟಿದ ಮ್ಯಾಲ ಇಳೀತಾಳ."

ಆರು ಮೀಟರ್ ಎಂಟು ಸೆಂಟಿಮೀಟರ್ ಎಂದು ಯಮನೂರ ಆಫೀಸಿಗೆ ಹೇಳಿದ. ಮಧ್ಯಾಹ್ನ ದಾಟಿದ ಮೇಲೆ ಇಳಿಯಿತು.

ಐದು ದಿನ ಬಿಟ್ಟು, ಕೆಸರು ತೆಗೆದು ಶುಚಿ ಮಾಡಿದ ರೇಣವ್ವನ ಕಟ್ಟೆಯ ಮೇಲೆ ಸಾನಿಯಾ ಲ್ಯಾಪ್‌ಟಾಪು ತೆರೆದು ಕೂತಳು. ಸಾಹೇಬರ ಪತ್ರವನ್ನು ಆಧಾರವೆಂದು ಲಗತ್ತಿಸಿದಳು. ಕಾರಣದ ಜಾಗದಲ್ಲಿ, ಎರಡು ಸಾಲು ತೆಗೆಯದಿದ್ದುದಕ್ಕೆ ನನ್ನ ಅಧಿಕಾರಿ ಪತ್ರ ಕೊಡಲಿಲ್ಲ, ಆ ಸಾಲುಗಳು ನಿಜವೆಂದು ಅವರೇ ಬರೆದ ಕಾಗದ ಜೊತೆಗಿದೆ ಎಂದು ಬರೆದಳು. ಮರಳಿ ಬಂದರೆ ಕೆಲಸ ಕೊಡುವವರು ಯಾರು ಎಂಬ ಜಾಗ ಮಾತ್ರ ಖಾಲಿ ಉಳಿಯಿತು.

"ಏನ ಕೇಳತಾರ ಅಲ್ಲಿ?" ಅಂದಳು ರೇಣವ್ವ.

"ಓದಿ ಬಂದ ಮ್ಯಾಲ ನನ್ನ ಯಾರು ಕೆಲಸಕ್ಕ ತಗೋತಾರ ಅಂತ."

"ಬರಕೋ," ಅಂದಳು ರೇಣವ್ವ, ಎಲೆ ಅಡಿಕೆ ಉಗುಳಿ ಬಂದು. ಸಾನಿಯಾ ಬರೆದುಕೊಂಡಳು, ಕೆಳಗೆ ಇಂಗ್ಲಿಷ್ ಮಾಡಿ ಸೇರಿಸಿದಳು, ಒಂದಕ್ಷರ ಹೆಚ್ಚು ಕಡಿಮೆ ಮಾಡಲಿಲ್ಲ:

"ಈ ಹುಡುಗಿ ಮೂರು ವರ್ಷ ನನ್ನ ಹತ್ರ ಕಲತಾಳ. ಮೊದಲ ಏನೂ ಬರತಿದ್ದಿಲ್ಲ, ಈಗ ಚಲೋ ಕಲತಾಳ. ನೀವೂ ಎರಡು ವರ್ಷ ಕಲಸ್ರಿ. ನಿಮ್ಮ ಹೊಳಿ ಹ್ಯಾಂಗ ಏರತಾವ ನೋಡಿ ಬರಲಿ. ಬಂದ ಮ್ಯಾಲ ಆಕಿಗೆ ಇಲ್ಲಿ ಕೆಲಸ ಐತಿ. ಹೊಳಿ ಎಲ್ಲೂ ಹೋಗಂಗಿಲ್ಲ. ನನಗ ಕಣ್ಣು ಮಂಜಾಗಾಕತ್ತಾವ, ಲಗೂ ಕಳಸ್ರಿ."

ಕೆಳಗೆ ಹೆಬ್ಬೆಟ್ಟು. ಕಣ್ಣಿನ ಮಾತು ಅಲ್ಲಿಯವರೆಗೆ ಸಾನಿಯಾಳಿಗೂ ಗೊತ್ತಿರಲಿಲ್ಲ. ಆಕೆ ರೇಣವ್ವನ ಮುಖ ನೋಡಿದಳು, ರೇಣವ್ವ ಕಂಬದ ಕಡೆ ನೋಡಿದಳು. ಅರ್ಜಿ ಹೋಯಿತು.

ಸಂದರ್ಶನ ಆಯಿತು, ತಿಂಗಳುಗಳು ಕಳೆದವು, ಮಾರ್ಚಿನಲ್ಲಿ ಆಯ್ಕೆಯಾದ ಪತ್ರ ಬಂತು. ಆಗ ನೋಡಬೇಕಿತ್ತು ರೋಣದ ಆಫೀಸನ್ನು. ಜಿಲ್ಲೆಯ ದೊಡ್ಡ ಅಧಿಕಾರಿಗಳೇ ಫೋನು ಮಾಡಿ ಅಭಿನಂದಿಸಿದರು, ರಜೆಯೂ ಮರಳಿ ಬರುವ ಹಕ್ಕೂ ಅಲ್ಲಿಯೇ ಮಂಜೂರಾದವು. ತೋಟಪ್ಪ ಸಾಹೇಬರು ಪೇಢೆ ತರಿಸಿದರು, ಪತ್ರಿಕೆಯವರಿಗೆ ಕೊಡಲು ಒಂದು ಪ್ರಕಟಣೆ ತಾವೇ ಬರೆದರು, ಸಾನಿಯಾಳ ಮುಂದೆ ಇಟ್ಟರು.

ಸಾನಿಯಾ ನಿಂತೇ ಓದಿದಳು. ಎರಡನೆಯ ಪ್ಯಾರಾದಲ್ಲಿ, ಕಚೇರಿಯ ನಿರಂತರ ಪ್ರೋತ್ಸಾಹ ಹಾಗೂ ಶ್ರೀ ತೋಟಪ್ಪನವರ ಮಾರ್ಗದರ್ಶನದಿಂದ ಈ ಸಾಧನೆ ಸಾಧ್ಯವಾಯಿತು ಎಂದಿತ್ತು. ಸರಿಯಾಗಿ ಎರಡು ಸಾಲು.

"ಸರ್, ನಿಮ್ಮ ಪೆನ್ನು ಕೊಡ್ರಿ."

ಸಾಹೇಬರು ಸಹಿಗೆಂದು ತಿಳಿದು ಕೊಟ್ಟರು. ಸಾನಿಯಾ ಆ ಎರಡು ಸಾಲಿನ ಮೇಲೆ ಅಡ್ಡಗೆರೆ ಎಳೆದಳು. ಒಮ್ಮೆ ಎಳೆದದ್ದು ಸಾಲದೆಂದು ಇನ್ನೊಮ್ಮೆ ಎಳೆದಳು. ಪಕ್ಕದಲ್ಲಿ ರೇಣವ್ವನ ಹೆಸರನ್ನೂ ಊರಿನ ಹೆಸರನ್ನೂ ಬರೆದು, ಪೆನ್ನಿಗೆ ಮುಚ್ಚಳ ಹಾಕಿ, ಕಾಗದದ ಮೇಲಿಟ್ಟಳು.

"ಇಷ್ಟು ತಿದ್ರಿ ಸರ್," ಅಂದಳು. "ಸಂಜಿ ಬಸ್ಸಿಗೆ ಹೊಳೆಮಣ್ಣೂರಿಗೆ ಹೊಂಟೀನಿ, ಆಕಿಗೆ ಓದಿ ಹೇಳಬೇಕು."